ಹೊಣಕೆರೆಯಲ್ಲಿ ಕುದಿಯುವ ಲಾರಿ

ಅಪ್ಪಾ,

ನೀನು ಹರಾಜಿನಲ್ಲಿ ತಂದ ಹಳೇ ಮಿಲಿಟರಿ ಲಾರಿ ಈಗ ಕುದಿಯುವುದಿಲ್ಲ! ನೀನು ಹೋದ ಮೇಲೆ ಮೊದಲ ಸಲ ನಾನೇ ಬಿಚ್ಚಿ ನೋಡಿದೆ. ರೇಡಿಯೇಟರು ಚೆನ್ನಾಗಿಯೇ ಇತ್ತು. ನೀನು ಕೂರಿಸಿದ್ದ ಫ್ಯಾನು ಹಿಂದುಮುಂದಾಗಿತ್ತು. ಒಬ್ಬಳೇ ನಕ್ಕು, ತಿರುಗಿಸಿ ಹಾಕಿದೆ.

ಇವತ್ತು ಕಿಕ್ಕೇರಿಯಿಂದ ನಾಗಮಂಗಲಕ್ಕೆ ಹೊರಟರೆ ಎಂಜಿನ್ನು ಬಿಸಿಯೇ ಏರಲಿಲ್ಲ. ನೀನು ಯಾವಾಗಲೂ ನೀರಿಗೆ ನಿಲ್ಲಿಸುತ್ತಿದ್ದ ಹೊಣಕೆರೆಯಲ್ಲಿ ನಿನ್ನ ಅಕ್ಕ, ಚೆಲುವತ್ತೆ, ಲಾರಿಯ ಸದ್ದು ಕೇಳಿ ಕೊಡ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಬ್ರೇಕು ಒತ್ತಿದೆ.

"ಕುದೀತಾ ಅದೆ ಕಣತ್ತೆ, ಒಸಿ ನೀರು ಕೊಡು."

ಅತ್ತೆ ಲಾರಿಯ ಮೂತಿ ನೋಡಿ ನಕ್ಕಳು. "ಆವಿನೇ ಇಲ್ವಲ್ಲವ್ವ! ಒಂದೊಂದ್ ದಿನ ನಿಮ್ಮಪ್ಪನೂ ಇಂಗೇ ಸುಳ್ಳು ಹೇಳ್ತಿದ್ದ. ಬಾ, ಉಣ್ಣು."

ಬಡಿಸಿಕೊಂಡು ಬಡಿಸಿಕೊಂಡು ಉಂಡೆ.

ಮುಂದಿನ ವಾರವೂ ನಿನ್ನ ಲಾರಿ ಹೊಣಕೆರೆಯಲ್ಲಿ ಕುದಿಯುತ್ತದೆ, ಅಪ್ಪಾ.

ಕೀರ್ತನ