ಚಿಕ್ಕ ಬಾಯಿಯ ಡ್ರೈವು

ಕೊಪ್ಪ
೧೭ ನವೆಂಬರ್ ೨೦೨೪

ಪ್ರಿಯ ಉಮಾಮಹೇಶ್ವರ,

‘ನಾವು ಕ್ಷೇಮ’ ಎಂದು ಬರೆದೇ ಅಭ್ಯಾಸ. ಈಗ ಈ ಮನೆಯಲ್ಲಿ ನಾವು ಎಂದರೆ ನಾನೊಬ್ಬನೇ, ಆದರೂ ಕ್ಷೇಮ. ದಸರೆಗೆ ಮುಂಚೆ ನೀನು ಕಳಿಸಿದ ಕೆಟ್ಟ ಲ್ಯಾಪ್‌ಟಾಪ್ ಕೈಸೇರಿತೆಂದು ತಿಳಿಸುವಷ್ಟರಲ್ಲಿ ದೀಪಾವಳಿಯೂ ಕಳೆಯಿತು. ಬೈದುಕೊಂಡಿರುತ್ತೀಯ. ಫೋನು ಮಾಡಬಹುದಿತ್ತು, ಆದರೆ ನೀನು ನನಗೆ ಮಾತು ಮುಗಿಸಲು ಬಿಡಬೇಕಲ್ಲ ಮಾರಾಯ!

‘ಏನಾದರೂ ಬಿಚ್ಚಿಕೋ, ಉಳಿದದ್ದು ಗುಜರಿಗೆ ಹಾಕು’ ಎಂದಿದ್ದೆ. ಬಿಚ್ಚಿಕೊಂಡೆ. ಅದರ ಸಿ.ಡಿ. ಡ್ರೈವು ಈಗ ನನ್ನ ಡೆಸ್ಕ್‌ಟಾಪಿನಲ್ಲಿ ಓಡುತ್ತಿದೆ.

ಪಕ್ಕದ ಮನೆಯ ಮೆಹರ್ ಬಾನು ಸೊಂಟ ಹಿಡಿದು ಮಲಗಿಬಿಟ್ಟಿದ್ದರು. ಮಂಗಳೂರಿನಲ್ಲಿ ಸ್ಕ್ಯಾನ್ ಮಾಡಿಸಿ ತಂದ ಸಿ.ಡಿ.ಯನ್ನು ಹಾಕಲು ಇಲ್ಲಿಯ ಡಾಕ್ಟರ ಕಂಪ್ಯೂಟರಿನಲ್ಲಿ ಜಾಗವೇ ಇಲ್ಲ. ಚಿತ್ರ ನೋಡದೆ ಆಪರೇಷನ್ ಬೇಕೋ ಬೇಡವೋ ಹೇಳಲಾರೆ, ಪೆನ್ ಡ್ರೈವಿಗೆ ಹಾಕಿಸಿ ತನ್ನಿ, ಇಲ್ಲವೇ ಮತ್ತೆ ಮಂಗಳೂರಿಗೆ ಹೋಗಿ ಎಂದರಂತೆ. ಆ ಸೊಂಟದಲ್ಲಿ ಮತ್ತೆ ಘಾಟಿ ಇಳಿಯಬೇಕೆಂದರೆ ಆಕೆ ಅತ್ತೇಬಿಟ್ಟರು. ಅವರ ಮಗಳು ರುಬೀನಾ ನರಸಿಂಹರಾಜಪುರದಲ್ಲಿ ಮೊಬೈಲ್ ಅಂಗಡಿ ಇಟ್ಟವಳು. ವಿಚಾರಿಸಿದ ಕಡೆಯಲ್ಲೆಲ್ಲ ಡ್ರೈವಿಲ್ಲದ ಹೊಸ ಕಂಪ್ಯೂಟರುಗಳೇ. ನನ್ನ ಕಂಪ್ಯೂಟರಿನ ಡ್ರೈವೋ ಕೆಟ್ಟು ಕೂತಿತ್ತು. ಆಗ ನಿನ್ನ ಲ್ಯಾಪ್‌ಟಾಪ್ ನೆನಪಾಯಿತು. ‘ನೆಸೆಸಿಟಿ ಈಸ್ ದಿ ಮದರ್ ಆಫ್...’ ಯಾರದೋ ತಾಯಿ; ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆವಲ್ಲ.

ಡ್ರೈವು ಸುಲಭವಾಗಿ ಹೊರಬಂತು. ಆದರೆ ಅದಕ್ಕೆ ಕರೆಂಟು ಕೊಡುವ ಬಾಯಿ ಚಿಕ್ಕದು, ನನ್ನ ಕಂಪ್ಯೂಟರಿನ ಪ್ಲಗ್ಗು ಅಗಲ. ಸ್ವಲ್ಪ ಒತ್ತಿ ನೋಡಲು ಹೊರಟೆ. ರುಬೀನಾ ನನ್ನ ಕೈ ಹಿಡಿದಳು.

“ಅಂಕಲ್, ತುರುಕಬೇಡಿ! ಇದಕ್ಕೆ ಕನ್ವರ್ಟರ್ ವೈರ್ ಸಿಗುತ್ತೆ, ತರಿಸ್ತೀನಿ.”

ತರಿಸಿದಳು. ಒಂದು ತುದಿ ಡ್ರೈವಿನ ಚಿಕ್ಕ ಬಾಯಿಗೆ, ಇನ್ನೊಂದು ನಮ್ಮ ಮಾಮೂಲಿ ವೈರುಗಳಿಗೆ. ಹಳೆಯ ಡ್ರೈವಿನ ಗೂಡಿನಲ್ಲಿ ಇದು ಅಲ್ಲಾಡುತ್ತಿತ್ತು. ಅಡಿಕೆ ಹಾಳೆ ಮಡಿಸಿ ಸಂದಿಗೆ ಕೊಟ್ಟೆ. ಗುಂಡಿ ಒತ್ತಿ ಕಾದೆ. ಹಳೆಯದರಂತೆ ತಟ್ಟೆ ಪೂರ್ತಿ ಹೊರಗೆ ಬರಲೇ ಇಲ್ಲ, ಬರೀ ತುಟಿ ಚಾಚಿತು.

“ಇದು ತಾನಾಗಿ ಬರಲ್ಲ ಅಂಕಲ್, ಹೊಸ ಮದುಮಗಳ ಹಾಗೆ. ಕೈ ಹಿಡಿದು ಕರ್ಕೊಂಡು ಬರ್ಬೇಕು. ಸಿ.ಡಿ. ಇಟ್ಟು ಟಕ್ ಅನ್ನೋ ತನಕ ಒತ್ತಿ.”

ಗೋಡೆ ಹಿಡಿದುಕೊಂಡು ಬಂದು ನಮ್ಮ ಮಂಚದ ಮೇಲೆ ಮಲಗಿದ್ದ ಮೆಹರ್ ಬಾನು ಕೂಗಿದರು: “ಗೋವಿಂದಣ್ಣ, ಮೆಲ್ಲ ಮಾರಾಯ್ರೇ! ಅದರೊಳಗೆ ಇರೋದು ನನ್ನ ಸೊಂಟ!”

ಟಕ್ ಎಂದಿತು. ಚಿತ್ರಗಳು ಒಂದೊಂದಾಗಿ ಬಂದವು. ಪೆನ್ ಡ್ರೈವಿಗೆ ಹಾಕಿಕೊಂಡು ನಾನೇ ಡಾಕ್ಟರಿಗೆ ಕೊಟ್ಟು ಬಂದೆ. ಆಪರೇಷನ್ ಬೇಡವಂತೆ, ವ್ಯಾಯಾಮ ಸಾಕಂತೆ. ಮೊನ್ನೆ ಆಕೆ ಕೋಲಿಲ್ಲದೆ ನಡೆದು ಬಂದು, “ನಿಮ್ಮ ಮೈಸೂರಿನ ದೋಸ್ತಿಗೆ ನನ್ನ ದುವಾ ಬರೀರಿ” ಎಂದರು. ಬರೆದಿದ್ದೇನೆ. ನನ್ನದನ್ನೂ ಅದರ ಜೊತೆಗೆ ಸೇರಿಸಿಕೋ. ಇಂಥ ಉಪಕಾರ ಮಾಡಿದ್ದು ನಿನಗೇ ಗೊತ್ತಿರಲಿಲ್ಲ ನೋಡು.

ನಿನ್ನ ಮನೆಯವರಿಗೆ ನಮಸ್ಕಾರ. ಮೊಮ್ಮಕ್ಕಳು ನೂರು ವರ್ಷ ಸುಖವಾಗಿ ಬಾಳಲಿ.

ನಿನ್ನ,
ಗೋವಿಂದ

ತಾ.ಕ.: ಬರೆಯಬಾರದೆಂದಿದ್ದೆ. ಪೆನ್ ಡ್ರೈವು ತೆಗೆದುಕೊಳ್ಳುತ್ತ ಡಾಕ್ಟರು, “ನಿಮ್ಮ ಮನೆಯವರು ರಾಧಮ್ಮನವರಿಗೂ ಸ್ಕ್ಯಾನಿನ ಸಿ.ಡಿ.ಯನ್ನು ಹೀಗೇ ಹಾಕಿಸಿ ತನ್ನಿ ಅಂದಿದ್ದೆ. ಆಮೇಲೆ ಬರಲೇ ಇಲ್ಲ” ಎಂದರು. ನನ್ನ ಹತ್ತಿರ ಅವಳು ಹೇಳಿದ್ದೇ ಬೇರೆ: “ಡಾಕ್ಟ್ರು ನೋಡಿದ್ರು, ಎಂತದೂ ಇಲ್ವಂತೆ.” ಮನೆಗೆ ಬಂದು ಕಪಾಟು, ಟ್ರಂಕು ಎಲ್ಲ ಹುಡುಕಿದೆ. ಸಿಕ್ಕಿದ್ದು ಹಿತ್ತಲ ತೊಂಡೆ ಚಪ್ಪರದಲ್ಲಿ. ಗಿಳಿಗಳು ಹೆದರಲೆಂದು ಅವಳು ಹಳೆಯ ಹಾಡಿನ ಸಿ.ಡಿ.ಗಳನ್ನು ಕಟ್ಟಿದ್ದಳಲ್ಲ, ಅವುಗಳ ನಡುವೆ. ಒರೆಸಿದರೆ ಅವಳ ಹೆಸರು, ಅವಳು ತೀರಿಹೋಗುವುದಕ್ಕೆ ಹಿಂದಿನ ವರ್ಷದ ತಾರೀಕು. ನಿನ್ನ ಡ್ರೈವಿಗೆ ಹಾಕಿದೆ. ತಿರುಗಿತು, ನಿಂತಿತು, ಮತ್ತೆ ತಿರುಗಿತು. “ಬಿಸಿಲಿಗೆ ಹೋಗಿಬಿಟ್ಟಿದೆ ಅಂಕಲ್” ಎಂದಳು ರುಬೀನಾ. ಅದು ಯಾರದೆಂದು ಅವಳಿಗೆ ಹೇಳಲಿಲ್ಲ. ಆ ವರ್ಷವೆಲ್ಲ, ಉಮಾ, ನಾನು ಅದರ ಕೆಳಗೇ ನಿಂತು ತೊಂಡೆಕಾಯಿ ಕೊಯ್ದಿದ್ದೇನೆ.