ಉಗುರಿನ ನೀಲಿ

ಅಮ್ಮಾ,

ಹಬ್ಬದೂಟಕ್ಕೆ ಈ ಸಲ ಬಣ್ಣದ ಮೊಟ್ಟೆ ನಾನೇ ಮಾಡಿದೆ. ನೀನು ಹೋದ ಮೇಲೆ ಮೂರು ವರ್ಷದಿಂದ ಯಾರೂ ಮಾಡಿರಲಿಲ್ಲ. ಬೆಂದ ಮೊಟ್ಟೆಯನ್ನು ಅರ್ಧಕ್ಕೆ ಕೊಯ್ದು, ಹಳದಿ ತೆಗೆದಿಟ್ಟು, ಬಿಳಿಯನ್ನು ನಿನ್ನ ಹಾಗೆಯೇ ಬಣ್ಣದ ನೀರಿಗೆ ಬಿಟ್ಟೆ. ಒಂದು ಬಟ್ಟಲಲ್ಲಿ ಬೀಟ್‌ರೂಟ್, ಇನ್ನೊಂದರಲ್ಲಿ ಅರಿಶಿನ. ನೀಲಿ ಬೇಡವೆಂದುಕೊಂಡಿದ್ದೆ. ನಿನ್ನ ಮೊಮ್ಮಗಳು ಬಿಡಬೇಕಲ್ಲ, ಕಪಾಟಿನ ಮೂಲೆಯಿಂದ ನಿನ್ನ ಆ ನೀಲಿ ಬಣ್ಣದ ಸೀಸೆಯನ್ನು ಹುಡುಕಿ ತಂದಳು.

ನಾನು ಹಳದಿಗೆ ಮೆಣಸಿನ ಪುಡಿ, ಸಾಸಿವೆ ಹಾಕಿ ಕಿವುಚುತ್ತಿದ್ದೆ. ತಿರುಗಿ ನೋಡಿದರೆ ಅವಳ ಹತ್ತೂ ಉಗುರು ನೀಲಿ. ಅವಳ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಸೋಪು, ನಿಂಬೆ ಸಿಪ್ಪೆ, ಪಾತ್ರೆಯ ನಾರು, ಸಿಕ್ಕಿದ್ದರಲ್ಲೆಲ್ಲ ತಿಕ್ಕಿದೆ.

"ಉರೀತಿದೆ, ಬಿಡಮ್ಮ. ಬರೀ ಬಣ್ಣ ಅದು," ಅಂದಳು.

ಮೂರು ವರ್ಷದ ಹಿಂದೆ, ಇದೇ ಹಬ್ಬದ ದಿನ ನಾನೂ ಇದನ್ನೇ ಅಂದಿದ್ದೆ. ನೀನು ಮೊಟ್ಟೆಗೆ ಬಣ್ಣ ಹಾಕಿ ಮುಗಿಸಿ, ಇದೇ ಒಲೆಯ ಪಕ್ಕ ಕೈ ಚಾಚಿ, "ಯಾಕೋ ಸುಸ್ತು ಕಣೆ. ನೋಡು, ಈ ನೀಲಿ ಹೋಗ್ತಾನೇ ಇಲ್ಲ," ಅಂದೆ. ನಾನು ಕೆಲಸದ ಗಡಿಬಿಡಿಯಲ್ಲಿ ತಲೆಯೆತ್ತದೆ, "ಬರೀ ಬಣ್ಣ ಅಮ್ಮಾ, ಇನ್ನೊಂದ್ಸಲ ತೊಳ್ಕೊ," ಅಂದೆ. ನೀನು ತೊಳೆದುಕೊಂಡೆ. ಸಂಜೆ ಆಸ್ಪತ್ರೆಯಲ್ಲಿ ಡಾಕ್ಟರು, "ಉಸಿರು ಸಾಲದೆ ಉಗುರು ನೀಲಿಗಟ್ಟಿದೆ. ಯಾವಾಗಿಂದ ಹೀಗಿದೆ?" ಎಂದು ಕೇಳಿದಾಗ ನಾನು ಮೊಟ್ಟೆಯ ವಿಷಯ ಹೇಳಲಿಲ್ಲ.

ಮಗಳ ಉಗುರು ತಿಳಿಯಾಗಿದೆ. ಕಿರುಬೆರಳಲ್ಲಿ ಮಾತ್ರ ಒಂದು ಗೆರೆ ಉಳಿದಿದೆ. ಊಟ ಮುಗಿಸಿ ಮಲಗಿದ್ದಾಳೆ. ಅದು ಬಣ್ಣವೇ ಎಂದು ನನಗೆ ಗೊತ್ತು. ಇಷ್ಟು ಬರೆಯುವಷ್ಟರಲ್ಲಿ ಮೂರು ಸಲ ಎದ್ದು ಹೋಗಿ ಅವಳ ಮೂಗಿನ ಹತ್ತಿರ ಬೆರಳಿಟ್ಟು ನೋಡಿ ಬಂದೆ.