ಉಪ್ಪುನೀರಿನ ಐಸ್

ಅಕ್ಕಾ,

ಹೇಳಿಕೊಳ್ಳಲು ನಾಚಿಕೆ, ಬೆಳಿಗ್ಗೆಯೇ ತಲೆ ತಿಂದಳೆಂದು ಬೈಯಬೇಡ. ಅಡುಗೆಮನೆ ಕಟ್ಟೆಯ ಮೇಲಿನ ಎರಡು ಲೋಟಗಳ ನೀರು ಚೆಲ್ಲಬೇಡ. ಎಡಗಡೆಯದರಲ್ಲಿ ಉಪ್ಪು ಕದಡಿದ್ದೇನೆ. ಎದ್ದ ಕೂಡಲೇ ಎರಡಕ್ಕೂ ಒಂದೊಂದು ಐಸ್ ತುಂಡು ಹಾಕು. ಕಲಕಬೇಡ. ಯಾವುದು ಮೊದಲು ಕರಗಿತೆಂದು ಹತ್ತು ಗಂಟೆಯೊಳಗೆ ಫೋನ್ ಮಾಡು.

ನಿನ್ನೆ ವಿಜ್ಞಾನ ಶಿಕ್ಷಕರ ತರಬೇತಿಯಲ್ಲಿ ನಾನೇ ಮೊದಲು ಕೈಯೆತ್ತಿ, ಉಪ್ಪುನೀರಿನಲ್ಲಿ ಬೇಗ ಕರಗುತ್ತದೆ ಎಂದುಬಿಟ್ಟೆ. ಹನ್ನೊಂದು ವರ್ಷದಿಂದ ಮಕ್ಕಳಿಗೂ ಅದನ್ನೇ ಹೇಳಿದ್ದೇನೆ. "ಮನೆಯಲ್ಲಿ ಮಾಡಿ ನೋಡಿ ಬನ್ನಿ, ಮೇಡಂ" ಎಂದರು ತರಬೇತಿ ಕೊಡುವವರು. ರಾತ್ರಿ ಮೂರು ಸಲ ಮಾಡಿದೆ. ಮೂರೂ ಸಲ ಬರೀ ನೀರಿನಲ್ಲಿದ್ದದ್ದೇ ಮೊದಲು ಕರಗಿತು!

"ಟೀಚರಿಗೇ ಟ್ಯೂಷನ್ನಾ?" ಎಂದು ತರಬೇತಿಯ ಸುದ್ದಿ ಕೇಳಿ ನೀನು ನಕ್ಕಿದ್ದು ಸರಿಯೇ. ನನ್ನ ಕೈಗುಣವೋ ಏನೋ, ನೀನೊಮ್ಮೆ ಮಾಡು. ನಿನಗೂ ಹಾಗೇ ಆದರೆ ಇವತ್ತು ತರಬೇತಿಯಲ್ಲಿ ಎಲ್ಲರೆದುರು ತಪ್ಪು ಒಪ್ಪಿಕೊಳ್ಳುತ್ತೇನೆ, ಸೋಮವಾರ ಮಕ್ಕಳೆದುರೂ. ಯಾಕೆ ಹಾಗಾಯಿತು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಅದು ನನಗಿನ್ನೂ ಗೊತ್ತಿಲ್ಲ.